ಸಿಮೆಂಟ್ ಹಾಕಿದ ಪಾಯಿಂಟ್

“ಏ ನಗ್ಮಾ, ಏನ್ ಕೆರಿಯಾಕತ್ತೀ ಅಲ್ಲಿ?”

ಲುಂಬಿನಿಯ ದನಿಗೆ ನಗ್ಮಾ ಬೆಚ್ಚಿಬಿದ್ದು ಕಂಪಾಸಿನ ಮುಳ್ಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. “ಏನಿಲ್ಲ. ಧೂಳ ಕುಂತಿತ್ತು, ತಗ್ಯಾಕತ್ತೀನಿ.”

ಧೂಳಲ್ಲ, ಸಿಮೆಂಟು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ನಗ್ಮಾ, ಲುಂಬಿನಿ ಇಬ್ಬರೂ ಸೇರಿ ಉದ್ದನೆಯ ಹಲಗೆಯ ಮೇಲೆ ವಾಡಿ ಜಂಕ್ಷನ್ ಕಟ್ಟಿದ್ದರು. ಥರ್ಮಾಕೋಲಿನ ಪ್ಲಾಟ್‌ಫಾರ್ಮು, ಸ್ಪಂಜಿಗೆ ಹಸಿರು ಬಣ್ಣ ಹಚ್ಚಿದ ಬೇವಿನ ಮರ, ಹಳಿಗಳ ನಡುವೆ ಶಹಾಬಾದ ಕಲ್ಲು ಕುಟ್ಟಿ ಜರಡಿ ಹಿಡಿದ ಪುಟಾಣಿ ಜಲ್ಲಿ, ಓಡಿಸಲು ಬ್ಯಾಟರಿಯ ಕಬ್ಬಿಣದ ರೈಲು. ಜಲ್ಲಿ ಉದುರದಂತೆ ಫೆವಿಕಾಲಿಗೆ ನೀರು ಬೆರೆಸಿ ಹನಿಹನಿಯಾಗಿ ಬಿಡಬೇಕು ಎಂದು ಲುಂಬಿನಿ ಹೇಳಿದ್ದಳು.

ನಿನ್ನೆ ಸಂಜೆ ನಗ್ಮಾ ಒಬ್ಬಳೇ ಇದ್ದಾಗ ಫೆವಿಕಾಲ್ ಮುಗಿಯಿತು. ಆದರೆ ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯಲ್ಲಿ ಸಿಮೆಂಟಿಗೆ ಬರವೇ? ನೀರಿನ ಟಾಕಿ ಸೋರಲಿ, ಬಚ್ಚಲು ಬಿರುಕು ಬಿಡಲಿ, ಈ ಊರಿನಲ್ಲಿ ಎಲ್ಲದಕ್ಕೂ ಅದೊಂದೇ ಮದ್ದು. ನಗ್ಮಾಳೂ ಆ ಮದ್ದನ್ನೇ ತೆಳ್ಳಗೆ ಕಲಸಿ ಸುರಿದಳು. ಬೆಳಗಾಗುವಷ್ಟರಲ್ಲಿ ಜಲ್ಲಿಯ ಜೊತೆಗೆ ಪಾಯಿಂಟೂ ಕಲ್ಲಾಗಿತ್ತು.

ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗವೇ ಪಾಯಿಂಟು. ಅಲ್ಲಿ ಕಟ್ಟಿದ್ದ ಸೈಕಲ್ ಕಡ್ಡಿ ಎಳೆದರೆ ರೈಲು ಮೇನ್ ಲೈನಿಗೆ ಹೋಗಬೇಕು, ತಳ್ಳಿದರೆ ಪಕ್ಕದ ಲೂಪ್ ಲೈನಿಗೆ. ಈಗ ಅದು ಲೂಪ್ ಲೈನಿನ ಕಡೆಗೇ ತಿರುಗಿ ಕಚ್ಚಿಕೊಂಡಿತ್ತು. ಎಷ್ಟು ಕೆರೆದರೂ ಜಪ್ಪಯ್ಯ ಅನ್ನಲಿಲ್ಲ.

ಲುಂಬಿನಿ ಶೂ ಡಬ್ಬಿ ತೆರೆದು, ಹತ್ತಿಯಲ್ಲಿ ಸುತ್ತಿದ್ದ ಇಂಜಿನ್ ಹೊರತೆಗೆದಳು. ಅವಳ ಅಣ್ಣ ಸಾಯಿಕುಮಾರ ಬೇಸಿಗೆ ರಜೆಯೆಲ್ಲ ಕೂತು ರಟ್ಟಿನಲ್ಲಿ ಮಾಡಿದ ಹಳೇ ಕಾಲದ ಉಗಿ ಇಂಜಿನ್ ಅದು. ಗುಂಡುಸೂಜಿಯ ತಲೆಯಷ್ಟು ಚಿಕ್ಕ ಬೋಲ್ಟುಗಳನ್ನೂ ಬಿಡದೆ ಅಂಟಿಸಿದ್ದ. ಲುಂಬಿನಿ ಅದನ್ನು ಲೂಪ್ ಲೈನಿನ ತುದಿಯಲ್ಲಿ ನಿಲ್ಲಿಸಿದಳು.

ಗಾಡಿ ಬಂದು ಅದಕ್ಕೇ ಗುದ್ದುತ್ತದೆಂದು ನಗ್ಮಾಳಿಗೆ ಹೊಳೆಯಿತು. “ಅಲ್ಲಿ ಬ್ಯಾಡ, ಲುಂಬಿನಿ. ಟೇಬಲ್ ಮ್ಯಾಲ ಇಡಮು.”

“ಯಾಕ? ಅಣ್ಣಗ ಭಾಳ ಕಾಡಿ ತಂದೀನಿ. ಎಲ್ಲಾರೂ ನೋಡ್ಲಿ.”

ಹೇಳಿಬಿಡಲೇ? ಆದರೆ ಲುಂಬಿನಿ ಒಮ್ಮೆ ಮಾತು ಬಿಟ್ಟರೆ ಬಿಟ್ಟಳೇ. ಅಷ್ಟರಲ್ಲಿ ಸುರೇಶಕುಮಾರ ಸರ್ ಅತಿಥಿಗಳನ್ನು ಕರೆದುಕೊಂಡು ಬಂದೇಬಿಟ್ಟರು. ಹಿಂದೆ ಮಕ್ಕಳ ಹಿಂಡು.

“ಗಾಡಿ ಈಗ ಮೇನ್ ಲೈನಿಗೆ ಹೋಗ್ತದ, ನೋಡ್ರಿ ಸರ್. ನಗ್ಮಾ, ಕಡ್ಡಿ ಎಳಿ!” ಎನ್ನುತ್ತ ಲುಂಬಿನಿ ಹಲಗೆಯ ಆ ತುದಿಯಲ್ಲಿ ಸ್ವಿಚ್ ಒತ್ತಿದಳು.

ನಗ್ಮಾ ಎಳೆದಳು. ಕಡ್ಡಿ ಬಾಗಿತೇ ಹೊರತು ಪಾಯಿಂಟ್ ಅಲುಗಲಿಲ್ಲ. ಕಬ್ಬಿಣದ ಬ್ಯಾಟರಿ ಇಂಜಿನ್ ಕಲ್ಲು ತುಂಬಿದ ಡಬ್ಬಿಗಳನ್ನು ಎಳೆದುಕೊಂಡು ಗರಗರ ಎಂದು ಬಂತು. ಮಕ್ಕಳ ಗದ್ದಲದಲ್ಲಿ ನಗ್ಮಾ ಕೂಗಿದರೂ ಆ ತುದಿಗೆ ಕೇಳುವಂತಿರಲಿಲ್ಲ.

ಅವಳ ಅಬ್ಬಾ ವಾಡಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಊಟಕ್ಕೆ ಕೂತಾಗಲೆಲ್ಲ ಅವರದು ಒಂದೇ ಪಾಠ: ತಪ್ಪು ಯಾರದೇ ಇರಲಿ, ಮೊದಲು ಲಾಲ್ ಝಂಡಿ ಬೀಸಿ ಗಾಡಿ ನಿಲ್ಲಿಸು, ಜವಾಬು ಆಮೇಲೆ.

ನಗ್ಮಾ ಜಡೆಯ ಕೆಂಪು ರಿಬ್ಬನ್ ಸರ್ರನೆ ಎಳೆದು, ಎರಡೂ ಕೈಯಲ್ಲಿ ಎತ್ತಿ ಬೀಸಿದಳು.

ಲುಂಬಿನಿಯೂ ರೈಲಿನ ಊರಿನವಳೇ ಅಲ್ಲವೇ. ಕೆಂಪು ಕಂಡಿದ್ದೇ ತಡ, ಅವಳ ಬೆರಳು ಸ್ವಿಚ್ ಆರಿಸಿತ್ತು. ಗಾಡಿ ರಟ್ಟಿನ ಇಂಜಿನ್ನಿಗೆ ಗೇಣು ದೂರದಲ್ಲಿ ನಿಂತಿತು.

ಎಲ್ಲರೂ ನಗ್ಮಾಳನ್ನೇ ನೋಡುತ್ತಿದ್ದರು.

“ಪಾಯಿಂಟ್ ತಿರಗಂಗಿಲ್ಲ,” ಎಂದಳು ನಗ್ಮಾ. “ಸಿಮೆಂಟ್ ಹಾಕೀನಿ. ನಾನೇ.”

“ಯಾವಾಗ ಗೊತ್ತಾತು?” ಲುಂಬಿನಿ ಕೇಳಿದಳು.

“ಮುಂಜಾನಿ.”

ಲುಂಬಿನಿಯ ಮೂಗಿನ ತುದಿ ಕೆಂಪಾಯಿತು. “ಮುಂಜಾನಿಂದ ಬಾಯಾಗ ಏನ್ ಇಟ್ಕೊಂಡಿದ್ದಿ?”

ನಗ್ಮಾ ತಲೆ ತಗ್ಗಿಸಿದಳು.

“ಜಗಳ ಆಮ್ಯಾಗ ಮಾಡ್ರಿ,” ಎಂದರು ಸರ್. “ಗಾಡಿ ಓಡ್ತದೊ ಇಲ್ಲೊ?”

“ಓಡ್ತದ್ರಿ ಸರ್. ಲೂಪ್ ಲೈನಿಗೇ ಹೋಗ್ಲಿ.” ಲುಂಬಿನಿ ಅಣ್ಣನ ಇಂಜಿನ್ ಎತ್ತಿಕೊಂಡಳು. ಎಲ್ಲಿಡುವುದು? ಶೂ ಡಬ್ಬಿ ಆಗಲೇ ಯಾರದೋ ಕಾಲಡಿ ಚಪ್ಪಟೆಯಾಗಿತ್ತು. ಟೇಬಲ್ಲಿನ ಸುತ್ತ ಮಕ್ಕಳು ನೂಕಾಡುತ್ತಿದ್ದರು. ಅವಳು ಅತ್ತಿತ್ತ ನೋಡಿ, ಕೊನೆಗೆ ನಗ್ಮಾಳತ್ತ ಬಂದಳು.

“ಹಿಡಿ. ಎರಡೂ ಕೈಲೆ.”

ಅವಳ ಮುಖದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗಾಡಿ ಲೂಪ್ ಲೈನಿಗೆ ಹೊರಳಿ ಪ್ಲಾಟ್‌ಫಾರ್ಮಿನ ಬದಿಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಚ್ಚಿದ ಜಡೆಯ ಕೂದಲು ನಗ್ಮಾಳ ಕಣ್ಣ ಮೇಲೆ ಬಿದ್ದು ಚುಚ್ಚುತ್ತಿತ್ತು. ಆದರೂ ಅವಳು ಇಂಜಿನ್ನಿನಿಂದ ಒಂದು ಕೈಯನ್ನೂ ತೆಗೆಯಲಿಲ್ಲ.