ಬನಹಟ್ಟಿ ವರ ಎದ್ದು ನಿಂತ ಭಾನುವಾರ

"ಈ ಮದುವೆಗೆ ಯಾರದಾದರೂ ತಕರಾರು ಇದ್ದರೆ ಈಗಲೇ ಎದ್ದು ನಿಂತು ಹೇಳಬೇಕು."

ಮುಧೋಳದ ಚರ್ಚಿನಲ್ಲಿ ಪಾಸ್ಟರ್ ಮದುವೆಯ ಪ್ರಕಟಣೆ ಓದಿ ಕನ್ನಡಕ ತೆಗೆಯುವಷ್ಟರಲ್ಲಿ ಒಬ್ಬರು ಎದ್ದು ನಿಂತೇ ಬಿಟ್ಟರು.

ಯಾರು ಅಂತೀರಿ? ಖುದ್ದು ಮದುಮಗ!

ಮದುಮಗಳು ಪ್ರತಿಮಾ ಗಕ್ಕನೆ ಅವನತ್ತ ತಿರುಗಿದಳು. ಅಯ್ಯೋ ದೇವರೇ... ಇವನಿಗೇ ತಕರಾರೇ?

ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುವ ಸಿದ್ದಾರ್ಥ ಕೈಮುಗಿದು ನಗುತ್ತ ನಿಂತಿದ್ದ. ಅವನು ಬಾಯಿ ಬಿಡುವ ಮೊದಲೇ ಚರ್ಚಿನ ತುಂಬ ಗದ್ದಲ ಎದ್ದಿತು. ಪ್ರತಿಮಾಳ ಅಪ್ಪ ಹಣಮಪ್ಪನವರು ತೋಳೇರಿಸಿದರು. ಬೆಳಗಾವಿಯಿಂದ ಹೊಸದಾಗಿ ವರ್ಗವಾಗಿ ಬಂದ ಪಾಸ್ಟರ್‌ಗೆ ಬೆವರಿಳಿಯಿತು. ಪಾಪ, ಹನ್ನೊಂದಕ್ಕೆ ಅವರಿಗೆ ಜಮಖಂಡಿಯಲ್ಲಿ ಇನ್ನೊಂದು ಆರಾಧನೆ ಬೇರೆ. ಮುಧೋಳಕ್ಕೆ ಬರುವುದು ತಿಂಗಳಿಗೊಂದೇ ಭಾನುವಾರ. ಅವಸರದಲ್ಲಿ ತೀರ್ಪು ಕೊಟ್ಟು ಬೈಕ್ ಹತ್ತಿದರು. ತಾವು ಮತ್ತೆ ಬರುವವರೆಗೆ ಎರಡೂ ಮನೆಯವರ ನಡುವೆ ಮಾತಿಲ್ಲ, ಫೋನಿಲ್ಲ, ಜಗಳವಂತೂ ಇಲ್ಲವೇ ಇಲ್ಲ. ಪ್ರಾರ್ಥನೆ ಮಾಡುತ್ತ ತಾಳ್ಮೆಯಿಂದ ಕಾಯಬೇಕು.

ಕಾಯಬೇಕಂತೆ, ಕಾಯಬೇಕು!

ಪ್ರತಿಮಾಳಿಗೆ ಮೂವತ್ತೊಂದು. ಏಳು ವರಗಳು ಬಂದು ಅವಲಕ್ಕಿ ತಿಂದು ಹೋಗಿದ್ದವು. ಎಂಟನೆಯವನು ಸಿದ್ದಾರ್ಥ. ಹೆಣ್ಣು ನೋಡಲು ಬಂದ ದಿನ ನರ್ಸ್ ಡ್ಯೂಟಿ ಮುಗಿಯದೆ ಅವಳು ಮೂರು ತಾಸು ತಡ. ಅವನು ಕಟ್ಟೆಯ ಮೇಲೆ ಕೂತು, ಅವಳವ್ವ ತಾಯವ್ವನ ಕೆಟ್ಟ ಮಿಕ್ಸರ್ ಬಿಚ್ಚಿ ಸರಿ ಮಾಡಿದ್ದ. ತಡವಾಯಿತು ಎಂದು ಅವಳು ಒದ್ದಾಡಿದರೆ, "ಅವಸರಿಲ್ರಿ," ಎಂದಿದ್ದ.

ಆ ಒಂದು ಮಾತಿಗೇ ಅವಳು ಸೋತಿದ್ದಳು. ಇಂಥವನೇ ಕೈಬಿಟ್ಟರೆ ಇನ್ನು ಯಾರಿಗಾಗಿ ಕಾಯುವುದು?

ತಮಾಷೆ ಎಂದರೆ, ಸಂಡೇ ಸ್ಕೂಲಿನಲ್ಲಿ ಆ ತಿಂಗಳ ಪಾಠವೇ ತಾಳ್ಮೆ. ಕಲಿಸುವವಳು ಪ್ರತಿಮಾ! ಬೋರ್ಡಿನ ಮೇಲೆ ಆ ಎರಡಕ್ಷರ ಬರೆಯುವಷ್ಟರಲ್ಲಿ ಎರಡು ಚಾಕ್‌ಪೀಸ್ ಮುರಿದವು.

ಪ್ರಾರ್ಥನೆಗೆ ಕೂತರೂ ಅದೇ ಗೋಳು. 'ಕರ್ತನೇ, ಆ ಬನಹಟ್ಟಿಯವನನ್ನು ಆಶೀರ್ವದಿಸು... ಆದರೆ ಮೊದಲು ಅವನ ಬೈಕು ಪಂಕ್ಚರ್ ಮಾಡು.'

"ತಾಳಿದಾಕಿ ಬಾಳ್ಯಾಳವಾ," ಎಂದು ತಾಯವ್ವ ರೊಟ್ಟಿ ಬಡಿಯುತ್ತ ಹೇಳಿದರೆ ಮಗಳಿಗೆ ಇನ್ನಷ್ಟು ಉರಿಯುತ್ತಿತ್ತು.

ಹದಿನೈದು ದಿನದಲ್ಲಿ ಬೈಗುಳಗಳೆಲ್ಲ ಖಾಲಿಯಾದವು. ಹದಿನಾರನೆಯ ದಿನ ಕಣ್ಣು ಮುಚ್ಚಿದರೆ ಬರೀ ಅಳು ಬಂತು. 'ಅವನು ಸಿಗಲಿ ಅಂತ ಇನ್ನು ಕೇಳುವುದಿಲ್ಲ, ತಂದೆಯೇ. ಮನಸ್ಸಿಗೆ ಸಮಾಧಾನ ಕೊಡು, ಸಾಕು.'

ಎಷ್ಟೋ ದಿನಗಳ ಮೇಲೆ ಅವಳು ಅಂದು ಹೊಟ್ಟೆ ತುಂಬ ಉಂಡಳು.

ಭಾನುವಾರ ನಿಶ್ಚಯದ ಉಂಗುರವನ್ನು ಪರ್ಸಿನಲ್ಲಿಟ್ಟುಕೊಂಡು ಬನಹಟ್ಟಿ ಬಸ್ಸು ಹತ್ತಿದಳು. ಮಾತಾಡುವಂತಿಲ್ಲ, ಸರಿ. ಉಂಗುರ ಕೈಗಿಟ್ಟು ಬರಲು ಮಾತೇಕೆ?

ಅಲ್ಲಿಯ ಚರ್ಚಿನಲ್ಲಿ ಸಿದ್ದಾರ್ಥ ಮುಂದೆ ಕೂತು ತಬಲಾ ಬಾರಿಸುತ್ತಿದ್ದ. ಅವಳು ಹಿಂದಿನ ಬೆಂಚಿನಲ್ಲಿ ಕೂತಳು. ಸಭೆಯ ಹಿರಿಯರು ಬೇರೊಂದು ಜೋಡಿಯ ಪ್ರಕಟಣೆ ಓದಿದರು. ಹೆಸರು ಕೂಗಿದ್ದೇ ತಡ, ಆ ಮದುಮಗ ಎದ್ದು ಕೈಮುಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು!

ಪ್ರತಿಮಾ ಕಂಗಾಲಾಗಿ ಪಕ್ಕದ ಅಜ್ಜಿ ಸಾವಕ್ಕನನ್ನು ಕೇಳಿದಳು.

"ಒಪ್ಪಿಗಿ ಐತಿ ಅಂತ ನಿಂತ ತೋರಿಸ್ಬೇಕವಾ. ನಮ್ಮಲ್ಲಿ ಮೊದಲಿಂದ ಹಂಗ. ಕುಂತಾ ಅಂದ್ರ ಮನಸ್ಸಿಲ್ಲ ಅಂತ."

ಪ್ರತಿಮಾಳಿಗೆ ನಗು ತಡೆಯಲಾಗಲಿಲ್ಲ. ದುಪಟ್ಟಾ ಬಾಯಿಗೆ ತುರುಕಿಕೊಂಡರೂ ಸದ್ದು ಹೊರಬಿತ್ತು. ಸಿದ್ದಾರ್ಥ ತಿರುಗಿ ನೋಡಿದ. ತಬಲಾ ನಿಂತಿತು. ಅವನು ಓಡಿ ಬರಲಿಲ್ಲ, ಮಾತಾಡಲಿಲ್ಲ. ಪಾಸ್ಟರ್ ಮಾತು ಮೀರಲಾರದೆ ಎದೆಯ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡಿದ. ಅವಳು ಪರ್ಸಿನಿಂದ ಉಂಗುರ ತೆಗೆದು ಬೆರಳಿಗೆ ಹಾಕಿಕೊಂಡಳು.

ಇನ್ನೊಂದು ವಾರ ಕಾಯಬೇಕಿತ್ತು. ಈ ಸಲ ಒಂದು ಚಾಕ್‌ಪೀಸೂ ಮುರಿಯಲಿಲ್ಲ.

ತಿಂಗಳು ತುಂಬಿ ಪಾಸ್ಟರ್ ಮುಧೋಳಕ್ಕೆ ಬಂದರು, ಸಿದ್ದಾರ್ಥನ ಮೇಲೆ ಒಂದು ಕಣ್ಣಿಟ್ಟೇ ಮತ್ತೆ ಓದಿದರು. ತನ್ನೂರಿನ ಪದ್ಧತಿ ಇಲ್ಲಿ ತಿರುವುಮುರುವು ಎಂದು ಅಷ್ಟರಲ್ಲಿ ಸಿದ್ದಾರ್ಥನಿಗೂ ತಿಳಿದಿತ್ತು. ಎರಡೂ ಕೈಯಿಂದ ಬೆಂಚು ಹಿಡಿದು ಗಟ್ಟಿಯಾಗಿ ಕೂತಿದ್ದ.

ಎದ್ದು ನಿಂತವಳು ಪ್ರತಿಮಾ!

ಪಾಸ್ಟರ್ ಕೈಯ ಕಾಗದ ಬಿತ್ತು. "ಈಗ ನಿಮ್ಮದೇನಮ್ಮ ತಕರಾರು?"

"ತಕರಾರಲ್ರಿ, ಒಪ್ಪಿಗಿ. ಬನಹಟ್ಟಿಯೊಳಗ ಹಿಂಗ ನಿಂತ ತೋರಿಸ್ತಾರ್ರಿ."

ಸಿದ್ದಾರ್ಥ ಬೆಂಚು ಬಿಟ್ಟು ಎದ್ದ. ಮತ್ತೆ ತೋಳೇರಿಸಿದ್ದ ಹಣಮಪ್ಪನವರು ಅದೇ ಕೈಯಿಂದ ಚಪ್ಪಾಳೆ ಶುರು ಮಾಡಿದರು.

ಆರಾಧನೆ ಮುಗಿದು ಹೊರಗೆ ಬೇವಿನ ಗಿಡದ ಕೆಳಗೆ ಇಬ್ಬರೇ ನಿಂತಾಗ ಅವಳು ಕೇಳಿದಳು, "ಒಂದ ಮಾತ ಹೇಳಿ ಕಳಿಸಬಾರದಿತ್ತೇನ್ರಿ?"

"ಕಾಯ್ರಿ ಅಂದಿದ್ರಲ್ರಿ. ನೀವೂ ಕಾಯ್ತೀರಿ ಅಂತ ನಂಬಿದ್ದೆ."

"ನಾನೆಲ್ಲಿ ಕಾದೇನ್ರಿ... ಹದಿನೈದ ದಿನ ನಿಮ್ಮನ್ನ ಬೈದೇನಿ."

"ಬೈಕೋತ ಕಾದ್ರೂ ಕಾದಂಗ ಬಿಡ್ರಿ."

ಅವಳ ಕಣ್ಣು ತುಂಬಿತು. ಅವನೇ ನೆನಪಿಸಿದ: ಪ್ರಕಟಣೆ ಮೂರು ಸಲ ಆಗಬೇಕು, ಗದ್ದಲದಲ್ಲಿ ಮುಗಿದದ್ದು ಲೆಕ್ಕಕ್ಕಿಲ್ಲ, ತಿಂಗಳಿಗೊಂದರಂತೆ ಇನ್ನೂ ಎರಡು ತಿಂಗಳು.

"ಅವಸರಿಲ್ರಿ," ಎಂದಳು ಪ್ರತಿಮಾ, ಉಂಗುರ ತಿರುವುತ್ತ.

ಸಿದ್ದಾರ್ಥ ತಲೆ ಕೆರೆದುಕೊಂಡ. "ಈಗ ನನಗೈತ್ರಿ."