ಸದ್ದಿಲ್ಲದ ಎರಡು ನಿಮಿಷ

"ಮುಟ್ಟಬ್ಯಾಡ್ರಿ!"

ಗುರುತಿಲ್ಲದ ಗಂಡಸೊಬ್ಬ ಪಾಲಮ್ಮನ ಮಣಿಕಟ್ಟು ಹಿಡಿದು ಸೀದಾ ಕಿಟಕಿಯ ಕಬ್ಬಿಣದ ಸರಳಿಗೆ ಒತ್ತಿದ್ದ. ಚಟ್! ಬೆರಳ ತುದಿಯಲ್ಲಿ ಕಿಡಿ ಹಾರಿತು.

"ನೈಲಾನ್ ಸೀರೆ ಉಟ್ಕಂಡು ಬೋರ್ಡ್ ಮುಟ್ತಾರೇನ್ರಿ? ಈ ಒಣ ಹವಾಕ್ಕೆ ಮೈಯೆಲ್ಲ ಕರೆಂಟ್ ಇರ್ತೈತೆ. ಬೋರ್ಡಿನ ಚಿಪ್ ಸುಟ್ಟೋಗ್ತೈತೆ!"

"ಮೊದ್ಲು ನನ್ ಕೈ ಬಿಡ್ರಿ!"

ಆಗಲೇ ಅವನಿಗೆ ತಾನು ಹಿಡಿದದ್ದು ಹೆಣ್ಣಿನ ಕೈ ಎಂಬುದು ಹೊಳೆದದ್ದು. ಕಿವಿಯವರೆಗೆ ಕೆಂಪಾಗಿ ಕೈ ಬಿಟ್ಟ.

ಅದು 2008ರ ಫೆಬ್ರವರಿ. ಚಳ್ಳಕೆರೆಯ ಖಾಸಗಿ ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಹೊಸ ಬೋರ್ಡೊಂದು ಬಂದಿತ್ತು. ಕ್ಯಾಮೆರಾ ಕಂಡದ್ದನ್ನು ಕುಗ್ಗಿಸಿ ಒಳಗಿಟ್ಟುಕೊಳ್ಳುವುದು ಎನ್‌ಕೋಡ್, ಇಟ್ಟದ್ದನ್ನು ಬಿಚ್ಚಿ ಟಿವಿಯಲ್ಲಿ ತೋರಿಸುವುದು ಡಿಕೋಡ್. ತಿಂಗಳ ಕೊನೆಯ ಸೋಮವಾರ ತಪಾಸಣೆಗೆ ಬರುವವರ ಮುಂದೆ ಎರಡನ್ನೂ ನಡೆಸಿ ತೋರಿಸುವ ಕೆಲಸ ಇಬ್ಬರು ಇನ್‌ಸ್ಟ್ರಕ್ಟರುಗಳ ಪಾಲಿಗೆ ಬಿತ್ತು. ಒಬ್ಬಳು ಮೊಳಕಾಲ್ಮೂರಿನ ಮಗ್ಗದ ಮನೆಯ ಪಾಲಮ್ಮ. ಇನ್ನೊಬ್ಬ ಅವಳ ಕೈ ಹಿಡಿದಿದ್ದ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಪರಶುರಾಂಪುರದ ತಿಪ್ಪೇರುದ್ರ.

ಇವನೋ ವಿಚಿತ್ರ ಪ್ರಾಣಿ. ಬೋರ್ಡು ಮೊಂಡು ಹಿಡಿದರೆ "ಏಳಪ್ಪಾ, ಏಳು ನನ್ ರಾಜ" ಎಂದು ಗಂಟೆಗಟ್ಟಲೆ ಅದನ್ನು ರಮಿಸುತ್ತಿದ್ದ. ಪಾಲಮ್ಮ ಎದುರಿಗೆ ಬಂದರೆ ಮಾತ್ರ ನಾಲಿಗೆ ನಾಪತ್ತೆ!

ಅವಳು ಅವನನ್ನು ಇಷ್ಟಪಟ್ಟದ್ದು ಅದಕ್ಕೇ ಇರಬೇಕು.

ಸಣ್ಣ ಕುಸುರಿಯ ಚಿತ್ರ ಕುಗ್ಗಿಸಲು ಬೋರ್ಡು ತಿಣುಕುತ್ತದೆ. ಅದನ್ನು ಪರೀಕ್ಷಿಸಲು ಪಾಲಮ್ಮ ಅವ್ವ ನೇಯ್ದ ರೇಷ್ಮೆ ಸೀರೆಯೊಂದನ್ನು ತಂದು, ಕ್ಯಾಮೆರಾದ ಮುಂದೆ ಮೊಳೆಗೆ ತೂಗುಹಾಕಿ ಲೈಟು ಬಿಟ್ಟಳು.

"ಯಾರ್ದು ಈ ಸೀರೆ?"

"ನಂದೇ. ನನ್ ಮದ್ವೆಗೆ ಅಂತ ಅವ್ವ ನೇಯ್ದಿಟ್ಟಿರೋದು."

ತಿಪ್ಪೇರುದ್ರ ಲೈಟನ್ನು ಸೀರೆಯಿಂದ ಒಂದು ಮೊಳ ಹಿಂದಕ್ಕೆ ಸರಿಸಿದ.

ತಪಾಸಣೆಗೆ ಮುಂಚಿನ ಶುಕ್ರವಾರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಭಾನುವಾರ ಹಿರಿಯೂರಿಂದ ಗಂಡಿನ ಕಡೆಯೋರು ಬರ್ತಾರೆ. ಒಪ್ಪಿದ್ರೆ ಅವತ್ತೇ ಹೂ ಮುಡಿಸ್ತಾರಂತೆ," ಅಂದಳು. "ನಿಮಗೆ ನನ್ ಹತ್ರ ಏನೂ ಹೇಳೋದಿಲ್ವಾ?"

ಅವನ ಹಣೆ ಬೆವರಿತು. "ಐತೆ... ಎದುರಿಗೆ ಬಾಯಿ ಬರಲ್ಲ ಕಣ್ರಿ. ಬೋರ್ಡಿನಾಗೆ ಎನ್‌ಕೋಡ್ ಮಾಡಿಟ್ಟಿರ್ತೀನಿ. ಬೆಳಿಗ್ಗೆ ನೋಡ್ರಿ."

ಎಂಥಾ ಗಂಡಸಪ್ಪ ಇವನು! ಅವಳಿಗೆ ನಗು ಬಂತು. ಆದರೆ ನಿದ್ದೆ ಬರಲಿಲ್ಲ.

ಶನಿವಾರ ಲ್ಯಾಬಿನ ಬಾಗಿಲು ತೆರೆದವಳೇ ಡಿಕೋಡ್ ಡೆಮೊ ಓಡಿಸಿದಳು. ಟಿವಿಯಲ್ಲಿ ತಿಪ್ಪೇರುದ್ರ ಕಾಣಿಸಿಕೊಂಡ. ತುಟಿ ಅಲುಗಿತು. ಸದ್ದಿಲ್ಲ! ಟಿವಿಯ ಸದ್ದು ಪೂರ್ತಿ ಏರಿಸಿದಳು. ಊಹೂಂ. ತುಟಿ ನೋಡಿ ಮಾತು ತಿಳಿಯೋಣವೆಂದರೆ ಮುಖವೆಲ್ಲ ಚೌಕ ಚೌಕ ಒಡೆದಿತ್ತು.

ಅವನು ತಲೆಯಾಡಿಸುತ್ತಿದ್ದ. ಬೇಡ, ಬೇಡ ಎನ್ನುವಂತೆ. ಆಮೇಲೆ ಎದ್ದು ಮೊಳೆಯಿಂದ ಸೀರೆ ತೆಗೆದ. ನೀಟಾಗಿ ಮಡಿಸಿದ. ಕವರಿಗೆ ಹಾಕಿ ಅವಳ ಮೇಜಿನ ಮೇಲಿಟ್ಟ. ಎರಡು ನಿಮಿಷಕ್ಕೆ ಎಲ್ಲ ಮುಗಿಯಿತು.

ಪಾಲಮ್ಮ ತಿರುಗಿ ನೋಡಿದಳು. ಕವರು ಮೇಜಿನ ಮೇಲೇ ಇತ್ತು.

ಅವಳ ಚಿಕ್ಕಮ್ಮನ ಮದುವೆ ಮಾತು ಹೀಗೇ ಮುರಿದಿತ್ತು. ಹೆಣ್ಣಿನ ಮನೆಯಲ್ಲಿ ನೇಯ್ದು ಕೊಟ್ಟಿದ್ದ ಸೀರೆಯನ್ನು ಗಂಡಿನವರು ಮಡಿಸಿ, ಕವರಿಗೆ ಹಾಕಿ, ಮಾತಿಲ್ಲದೆ ಜಗಲಿಯ ಮೇಲಿಟ್ಟು ಹೋಗಿದ್ದರು. ಚಿಕ್ಕಮ್ಮ ಆ ಕವರನ್ನು ಕೊನೆಗೂ ಬಿಚ್ಚಲಿಲ್ಲ.

'ಬೇಡ ಅನ್ನೋಕೆ ಇಷ್ಟೆಲ್ಲ ನಾಟಕ ಬೇಕಿತ್ತಾ?' ಅವಳ ಎದೆ ಉರಿಯಿತು.

ಹೊರಗೆ ಅವನು ಕಂಬಕ್ಕೆ ಆತು ನಿಂತಿದ್ದ. "ನೋಡಿದ್ರಾ?"

"ನೋಡ್ದೆ. ಚೆನ್ನಾಗಿ ಅರ್ಥ ಆಯ್ತು. ನಾಳೆ ಹೂ ಮುಡ್ಕಂತೀನಿ ಬಿಡ್ರಿ!"

ಅವನ ಮುಖ ಬಿಳುಚಿಕೊಂಡಿತು. "ನಿಮ್ಮಿಷ್ಟ," ಎಂದಷ್ಟೇ ಹೇಳಿ ಬ್ಯಾಗು ಹೆಗಲಿಗೇರಿಸಿ ಗೇಟು ದಾಟಿದ. ಕೂಗಿ ಕರೆಯಬೇಕು ಎನಿಸಿತು. ಯಾತಕ್ಕೆ ಕರೆಯಲಿ?

ಆಗ ವಿಭಾಗದ ಮುಖ್ಯಸ್ಥರಾದ ನಾಗೇಂದ್ರಪ್ಪ ಮೇಷ್ಟ್ರು ಬಂದರು.

"ಸೋಮವಾರಕ್ಕೆ ಎಲ್ಲ ರೆಡಿನಾ? ಮಾತು ಕೇಳಿಸ್ತೈತಾ, ಒಂದ್ಸಲ ತೋರ್ಸಮ್ಮ."

ಕಣ್ಣೊರೆಸಿಕೊಂಡು ಮೈಕಿನ ಮುಂದೆ ಒಂದು, ಎರಡು, ಮೂರು ಎಣಿಸಿದಳು. ಮತ್ತೆ ಹಾಕಿ ನೋಡಿದರೆ... ಸದ್ದಿಲ್ಲ!

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. "ಯಾರಮ್ಮ ಈ ಮೈಕಿನ ಪಿನ್ನು ಹಾಕಿದ್ದು? ಇದು ಟೇಪ್‌ರೆಕಾರ್ಡರ್ ತೂತು. ಮೈಕಿಂದು ಪಕ್ಕದ್ದು!"

ಗುರುವಾರ ಪಿನ್ನು ಸಿಕ್ಕಿಸಿದವಳು ಅವಳೇ. ಆ ಚೌಕಗಳೂ ಅವಳದೇ ಕೆಲಸ. ಚಿತ್ರವನ್ನು ಇನ್ನಷ್ಟು ಕುಗ್ಗಿಸುವಂತೆ ಸೋಮವಾರಕ್ಕೆಂದು ಬೋರ್ಡನ್ನು ಹೊಂದಿಸಿಟ್ಟಿದ್ದಳು.

'ಹಾಗಾದರೆ ಅವನು ಮಾತಾಡಿದ್ದಾನೆ... ನಾಲಿಗೆಯೇ ಇಲ್ಲದವನು ಎರಡು ನಿಮಿಷ ಮಾತಾಡಿದ್ದಾನೆ! ಏನಂದ?'

ಚಪ್ಪಲಿ ಸರಿಯಾಗಿ ಮೆಟ್ಟಿದಳೋ ಇಲ್ಲವೋ, ಓಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಪರಶುರಾಂಪುರದ ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ಅವನು ಕೂತಿದ್ದ ಕಿಟಕಿಯ ಕೆಳಗೆ ನಿಂತು ತಗಡು ಬಡಿದಳು.

"ಇಳೀರಿ ಕೆಳಗೆ!"

ಕಂಡಕ್ಟರ್ ತಲೆ ಹೊರಹಾಕಿದ. "ಹತ್ತೋದಾದ್ರೆ ಹತ್ತಮ್ಮ, ಟೈಮಾಯ್ತು!"

"ನಾನು ಹತ್ತಲ್ಲ, ಅವ್ರು ಇಳೀಬೇಕು!"

ಅವನು ಇಳಿದ. ಅವಳಿಗೆ ಉಸಿರು ಸಿಗುತ್ತಿರಲಿಲ್ಲ.

"ಒಂದಕ್ಷರನೂ ರೆಕಾರ್ಡ್ ಆಗಿಲ್ಲ. ಮೈಕು ತಪ್ಪು ಸಿಕ್ಕಿಸಿದ್ದು ನಾನೇ. ನೀವು ಸೀರೆ ಮಡಿಸಿಟ್ಟಿದ್ದಷ್ಟೇ ಕಂಡಿದ್ದು... ಏನ್ ಹೇಳಿದ್ರಿ?"

ಅವನು ಸುತ್ತ ನೆರೆದ ಜನರನ್ನು ನೋಡಿದ. "ಇಲ್ಲಿ ಬ್ಯಾಡ."

ಲ್ಯಾಬಿಗೆ ಮರಳಿದ ಇಬ್ಬರ ಮುಖ ನೋಡಿದ ಮೇಷ್ಟ್ರು "ನಾನು ಚಾ ಕುಡ್ದು ಬರ್ತೀನಿ" ಎಂದು ಹೊರಟೇಬಿಟ್ಟರು.

ಪಾಲಮ್ಮ ಪಿನ್ನನ್ನು ಮೈಕಿನ ತೂತಿಗೇ ಸಿಕ್ಕಿಸಿ, ಎನ್‌ಕೋಡ್ ಡಿಕೋಡ್ ಎರಡೂ ಒಟ್ಟಿಗೆ ನಡೆಯುವ ಡೆಮೊ ಹಾಕಿದಳು. ಇದರಲ್ಲಿ ಮಾತಾಡಿದ್ದು ಅರೆಕ್ಷಣ ತಡವಾಗಿ ಟಿವಿಯಲ್ಲಿ ಬರುತ್ತದೆ. ಅವನು ಕ್ಯಾಮೆರಾ ನೋಡಿದ. ಅವಳು ಟಿವಿ ನೋಡಿದಳು.

"ಮದ್ವೆ ಸೀರೆನ ಮೊಳೆಗೆ ನೇತಾಕಿ, ಲೈಟಿನ ಬಿಸಿಗೆ ಹಾಳು ಮಾಡ್ಬ್ಯಾಡ್ರಿ ಅಂದೆ. ಜ್ವಾಪಾನವಾಗಿ ಮಡಿಸಿ ಕೊಡ್ತಿದೀನಿ ಅಂದೆ..." ಕ್ಯಾಮೆರಾದತ್ತ ಒಂದಿಷ್ಟು ಬಾಗಿದ. "ಅದನ್ನ ಉಟ್ಕಂಡು ನನ್ ಪಕ್ಕ ಕೂತ್ಕ ಪಾಲಿ, ಅಂದೆ."

"...ನನ್ ಪಕ್ಕ ಕೂತ್ಕ ಪಾಲಿ, ಅಂದೆ," ಅಂದಿತು ಟಿವಿ.

ಅವಳ ಕೆನ್ನೆ ಒದ್ದೆಯಾಯಿತು. ಬೆಳಗಿನಿಂದ ಕುದಿಯುತ್ತಿದ್ದ ಜೀವ ತಣ್ಣಗಾಯಿತು.

"ನಾಳೆ ಹಿರಿಯೂರಿನೋರು?" ಎಂದ ಅವನು ಅಂಜುತ್ತ.

"ಬ್ಯಾಡ ಅಂತ ಅವ್ವಂಗೆ ಈಗ್ಲೇ ಫೋನ್ ಮಾಡ್ತೀನಿ. ನಾಳೆ ನಿಮ್ಮವ್ವನ್ನ ಕರ್ಕಂಡು ನೀನೇ ಬಾ."

"...ನೀನೇ ಬಾ," ಟಿವಿಯೂ ಕರೆಯಿತು.

ಅವನು ನಕ್ಕ. ಮೈಕಿನ ಪಿನ್ನು ಕಿತ್ತು ಪಕ್ಕಕ್ಕಿಟ್ಟು, ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ನಂಗೆ ನೀನೇ ಬೇಕು ಪಾಲಿ."

ಅವಳು ಮೂಗು ಒರೆಸಿಕೊಂಡಳು.

"ಪಿನ್ನು ಯಾಕ್ ಕಿತ್ತೆ? ಒಂದೇ ಸಲ ಕೇಳಿಸ್ತು... ಇನ್ನೊಂದ್ಸಲ ನೀನೇ ಹೇಳು!"