ಇಪ್ಪತ್ನಾಲ್ಕನೇ ಪೋರ್ಟ್

ನಂಬಿ ಅಂತ ಯಾರನ್ನೂ ಒತ್ತಾಯ ಮಾಡಲ್ಲ, ಆಗಿದ್ದನ್ನು ಆದ ಹಾಗೇ ಹೇಳ್ತೀನಿ.

ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡೋ ಕೆಲಸ ನನಗೆ ಕಲಿಸಿದ್ದು ಅಣ್ಣ. ಆಫೀಸಿನ ಕಂಪ್ಯೂಟರ್‌ಗಳನ್ನೆಲ್ಲ ಜೋಡಿಸೋ ಸ್ವಿಚ್ ಅನ್ನೋ ಪೆಟ್ಟಿಗೆಗೆ, ಸೆಟ್ಟಿಂಗ್ ಹಾಕೋ ಕನ್ಸೋಲ್ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪ್ ಮುಂದೆ ಕೂತರೆ ಎಂಟರ್ ಕೀಯನ್ನು ಎರಡೆರಡು ಸಲ ಕುಟ್ಟೋನು. ವೈರ್ ಸಿಕ್ಕಿಸೋ ಇಪ್ಪತ್ನಾಲ್ಕು ಪೋರ್ಟ್‌ಗಳಲ್ಲಿ ಕೊನೆಯದನ್ನು ಖಾಲಿ ಬಿಟ್ಟು, ಸೆಟ್ಟಿಂಗ್‌ನಲ್ಲಿ ಅದಕ್ಕೆ 'ತಮ್ಮನಿಗೆ' ಅಂತ ಹೆಸರು ಹಾಕೋನು. "ನಾಳೆ ಯಾವುದಾದ್ರೂ ಕೆಟ್ಟರೆ ಒದ್ದಾಡಬೇಡ, ಇದು ನಿಂಗೆ" ಅನ್ನೋನು. ಸೇವ್ ಮಾಡದೆ ಕರೆಂಟ್ ಹೋದರೆ ಹಾಕಿದ್ದೆಲ್ಲ ಅಳಿಸಿಹೋಗುತ್ತೆ. ಅದಕ್ಕೇ, "ಸೇವ್ ಮಾಡಿದ್ಯೇನೋ?" ಅಂತ ದಿನಕ್ಕೆ ಹತ್ತು ಸಲ ಕೇಳೋನು. "ನಾನೇನು ಮಗುನಾ?" ಅಂತ ಒಂದಿನ ರೇಗಿಬಿಟ್ಟೆ. ಅದೇ ವಾರ ಹೃದಯಾಘಾತದಲ್ಲಿ ಹೋಗಿಬಿಟ್ಟ.

ಆಮೇಲೆ ನಾನೊಬ್ಬನೇ ಮಾಡಿದ ಮೊದಲ ಕೆಲಸ ಅದು. ಮಟಮಟ ಮಧ್ಯಾಹ್ನ, ಕಿಟಕಿಯಿಲ್ಲದ ಸಣ್ಣ ರೂಮು, ಆಗಷ್ಟೇ ಸೀಲ್ ಒಡೆದ ಸ್ವಿಚ್, ಅಣ್ಣನ ಹಳೇ ಕೇಬಲ್. ನಾನು ಎಂಟರ್ ಒತ್ತಿದ್ದು ಒಂದು ಸಲ, ಪರದೆ ಮೇಲೆ ಸಾಲು ಬಂದಿದ್ದು ಎರಡು. ಕೇಬಲ್ ಹಾಳಾಗಿದೆಯೇನೋ ಅಂತ ಮುಟ್ಟಿ ನೋಡಿದೆ. ಯಾರೋ ಈಗಷ್ಟೇ ಹಿಡಿದು ಬಿಟ್ಟ ಹಾಗೆ ತುದಿ ಬೆಚ್ಚಗಿತ್ತು.

ಎರಡು ಗಂಟೆ ಕೂತು ಸೆಟ್ಟಿಂಗ್ ಎಲ್ಲ ಹಾಕಿದೆ. ಸೇವ್ ಮಾಡೋಕೆ ಮೊದಲೇ ಕರೆಂಟ್ ಹೋಯ್ತು. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

"ಮಾಡಿಲ್ಲ ಕಣೋ ಅಣ್ಣ" ಅಂತ ಕತ್ತಲಲ್ಲಿ ಅತ್ತುಬಿಟ್ಟೆ.

ಕರೆಂಟ್ ಬಂತು. ಹಾಕಿದ್ದೆಲ್ಲ ಹಾಗೇ ಇತ್ತು. ಸೇವ್ ಮಾಡಿ ನಾನೇ ಮರೆತಿದ್ದೆನೇನೋ, ಇರಬಹುದು. ಆದರೆ ಕೊನೆಯ ಪೋರ್ಟಿಗೆ ಹೆಸರು ಹಾಕೋಕೆ ನನಗೆ ಕೈಯೇ ಬಂದಿರಲಿಲ್ಲ, ಖಾಲಿ ಬಿಟ್ಟಿದ್ದೆ.

ಅದರ ಮುಂದೆ 'ತಮ್ಮನಿಗೆ' ಅಂತಿತ್ತು.